ಬಿಸಿಲೂ ಮೊಬೈಲೂ

೨೦೧೮ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಬೆಟ್ಟಗಳು ಜರಿದಾಗ ಅಲ್ಲಿನ ಅನೇಕ ಗ್ರಾಮಗಳಿಗೆ ರಸ್ತೆಯೊಡನೆ ವಿದ್ಯುಚ್ಛಕ್ತಿಯೂ ತಪ್ಪಿಹೋಯಿತು. ಸಹಾಯ ಬೇಡಬೇಕಾದ ಗಳಿಗೆಯಲ್ಲಿಯೇ ಸಹಾಯ ಬೇಡುವ ಸಾಧನವು ಮೂಕವಾಗುವುದೆಂದರೇನೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾದುದಿಲ್ಲ. ಇಂದು ಮೊಬೈಲೆಂಬ ಆ ಪುಟ್ಟ ಯಂತ್ರದಲ್ಲಿ ಮಾತಷ್ಟೇ ಅಲ್ಲ, ಬ್ಯಾಂಕಿನ ಹಣ, ಸರಕಾರದ ಸಂದೇಶ, ಮಳೆಯ ಮುನ್ಸೂಚನೆ ಎಲ್ಲವೂ ಅಡಕವಾಗಿವೆ. ಹೀಗಿರುವಲ್ಲಿ ಬಿಸಿಲಿನಿಂದ ಅದನ್ನು ಚಾರ್ಜು ಮಾಡುವ ಪ್ರಶ್ನೆಯನ್ನು ಹವ್ಯಾಸಿಗಳ ವಿನೋದವೆಂದು ತಳ್ಳಿಹಾಕುವುದು ನಮಗೆ ಸಮ್ಮತವಲ್ಲ.

ಲೆಕ್ಕವೇನೂ ಕಠಿಣವಲ್ಲ. ೫,೦೦೦ ಮಿಲಿಆಂಪಿಯರ್-ಗಂಟೆಯ ಸಾಮಾನ್ಯ ಮೊಬೈಲ್ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು ೧೯ ವಾಟ್-ಗಂಟೆಗಳ ಶಕ್ತಿ. ೨೦ ವಾಟಿನ ಒಂದು ಫಲಕವು ಒಳ್ಳೆಯ ಬಿಸಿಲಿನಲ್ಲಿ ಎರಡು ಗಂಟೆಗಳಷ್ಟರಲ್ಲಿ ಅದನ್ನು ತುಂಬಬಲ್ಲುದು. ಮಳೆಗಾಲದಲ್ಲಿ ಬಿಸಿಲೆಲ್ಲಿಯದೆಂದು ಕೇಳುವವರುಂಟು. ದಟ್ಟವಾದ ಮೋಡದಡಿಯಲ್ಲಿ ಹತ್ತನೆಯ ಒಂದು ಪಾಲೇ ದೊರೆತರೂ ಹಗಲು ಕಳೆಯುವುದರೊಳಗೆ ಒಂದು ಫೋನು ತಕ್ಕಮಟ್ಟಿಗೆ ತುಂಬುತ್ತದೆ. ಆಪತ್ಕಾಲಕ್ಕೆ ಅದು ಅಲ್ಪವೇನಲ್ಲ.

ಆದರೆ ಪೇಟೆಯಲ್ಲಿ ಈ ಹೆಸರಿನಿಂದ ನಡೆಯುತ್ತಿರುವ ವ್ಯಾಪಾರದ ವಿಷಯವೇ ಬೇರೆ. ೨೦,೦೦೦ ಮಿಲಿಆಂಪಿಯರ್-ಗಂಟೆಯ ಪವರ್ ಬ್ಯಾಂಕಿನ ಬೆನ್ನಿಗೆ ಅಂಗೈಯಗಲದ ಫಲಕವೊಂದನ್ನು ಅಂಟಿಸಿ, ಅದನ್ನು 'ಸೌರ'ವೆಂದು ಕರೆದು ಮಾರುತ್ತಾರೆ. ಆ ಫಲಕವು ಕೊಡುವುದು ಹೆಚ್ಚೆಂದರೆ ಒಂದೂವರೆ ವಾಟು. ಪೆಟ್ಟಿಗೆಗೆ ಬೇಕಾದುದು ೭೪ ವಾಟ್-ಗಂಟೆ. ದಿನಕ್ಕೆ ಐದು ಗಂಟೆಗಳ ಸುಡುಬಿಸಿಲು ಸಿಕ್ಕಿದರೂ, ನಷ್ಟವನ್ನು ಲೆಕ್ಕಿಸದೆಯೇ ಹತ್ತು ದಿನಗಳು ಹಿಡಿಯುತ್ತವೆ. ಅಷ್ಟು ದಿನ ಬಿಸಿಲಿಗಿಟ್ಟರೆ ಒಳಗಿನ ಲಿಥಿಯಂ ಬ್ಯಾಟರಿಯು ಕಾದು ಕೆಡುತ್ತದೆ. ೪೫ ಡಿಗ್ರಿಗೆ ಮೇಲ್ಪಟ್ಟ ಶಾಖದಲ್ಲಿ ಅಂಥ ಬ್ಯಾಟರಿಯನ್ನು ಸಾಮಾನ್ಯವಾಗಿ ಚಾರ್ಜು ಮಾಡಕೂಡದು. ಫಲಕವು ಬಿಸಿಲಿನಲ್ಲಿಯೂ ಬ್ಯಾಟರಿಯು ನೆರಳಿನಲ್ಲಿಯೂ ಇರತಕ್ಕದ್ದೆಂಬುದು ಈ ವಿದ್ಯೆಯ ಮೊದಲನೆಯ ಪಾಠ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿದವರಿಗೆ ಇದು ತಿಳಿಯದೆಂದು ನಾವು ನಂಬಲಾರೆವು. ಸೌರ ಉಪಕರಣಗಳ ಮೇಲಿನ ಜಿ.ಎಸ್.ಟಿ.ಯನ್ನು ೨೦೨೫ರ ಸೆಪ್ಟೆಂಬರಿನಲ್ಲಿ ಶೇಕಡಾ ೧೨ರಿಂದ ೫ಕ್ಕೆ ಇಳಿಸಿದ ಸರಕಾರದವರು, ಇಂಥ ಪೆಟ್ಟಿಗೆಗಳ ಮೇಲೆ ಫಲಕದ ವಾಟನ್ನೂ ತುಂಬಲು ಹಿಡಿಯುವ ಬಿಸಿಲಿನ ಗಂಟೆಗಳನ್ನೂ ದಪ್ಪಕ್ಷರಗಳಲ್ಲಿ ಮುದ್ರಿಸಬೇಕೆಂದು ವಿಧಿಸಲು ಅಡ್ಡಿಯೇನು?

ಇದಕ್ಕಿಂತಲೂ ವಿಚಿತ್ರವಾದ ಸಂಗತಿಯೊಂದುಂಟು. ೨೦೨೪ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯು ಒಂದು ಕೋಟಿ ಮನೆಗಳ ಮಾಳಿಗೆಗಳಿಗೆ ಸೌರಫಲಕಗಳನ್ನು ಏರಿಸುವ ಗುರಿಯನ್ನಿಟ್ಟುಕೊಂಡಿದೆ. ಮೂರು ಕಿಲೋವಾಟಿಗೆ ೭೮,೦೦೦ ರೂಪಾಯಿಗಳವರೆಗೆ ಸಹಾಯಧನವನ್ನೂ ಕೊಡುತ್ತದೆ. ಉದ್ದೇಶವು ಶ್ಲಾಘನೀಯವೇ. ಆದರೆ ಬ್ಯಾಟರಿಯಿಲ್ಲದೆ ಬರೇ ತಂತಿಗೆ ಜೋಡಿಸಿದ ಇಂಥ ಏರ್ಪಾಡು, ಊರಿನ ಕರೆಂಟು ಹೋದೊಡನೆ ತಾನೂ ನಿಂತುಬಿಡುತ್ತದೆ. ಕಂಬವನ್ನೇರಿ ದುರಸ್ತಿ ಮಾಡುವ ಲೈನ್‌ಮನ್ನನ ಪ್ರಾಣಕ್ಕೆ ಅಪಾಯವಾಗಬಾರದೆಂದೇ ಇನ್ವರ್ಟರನ್ನು ಹಾಗೆ ರಚಿಸಿರುವುದು, ಅದನ್ನು ಆಕ್ಷೇಪಿಸುವಂತಿಲ್ಲ. ಪರಿಣಾಮವೇನೋ ನಗೆಪಾಟಲಿನದು. ತಲೆಯ ಮೇಲೆ ಮೂರು ಸಾವಿರ ವಾಟುಗಳನ್ನು ಹೊತ್ತ ಗೃಹಸ್ಥನು ನಡುಹಗಲಿನಲ್ಲಿ ತನ್ನ ಫೋನಿಗೆ ಹತ್ತು ವಾಟಿಲ್ಲದೆ ಪರದಾಡುತ್ತಾನೆ! ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ? ಪಾವಗಡದಲ್ಲಿ ೨,೦೫೦ ಮೆಗಾವಾಟಿನ ಸೌರವನವನ್ನು ಕಟ್ಟಿದ ನಾಡು ನಮ್ಮದು.

ಪರಿಹಾರವು ದುಬಾರಿಯದಲ್ಲ. ತಂತಿಯ ಸಂಬಂಧವಿಲ್ಲದ ನೂರು ವಾಟಿನ ಪ್ರತ್ಯೇಕ ಫಲಕವೊಂದು, ನೆರಳಿನಲ್ಲಿಟ್ಟ ಒಂದು ಬ್ಯಾಟರಿ, ನಡುವೆ ಒಂದು ನಿಯಂತ್ರಕ, ಹತ್ತು ಯು.ಎಸ್.ಬಿ. ಸಾಕೆಟ್ಟುಗಳು: ಗ್ರಾಮ ಪಂಚಾಯಿತಿಯ ಕಚೇರಿಯಲ್ಲಿಯೋ ಶಾಲೆಯಲ್ಲಿಯೋ ಇಷ್ಟಿದ್ದರೆ ಸಾಕು. ಫಲಕವನ್ನು ಒರೆಸಿ, ಬ್ಯಾಟರಿಯನ್ನು ನೋಡಿಕೊಳ್ಳುವ ಹೊಣೆ ಮಾತ್ರ ಹೆಸರು ಹಿಡಿದು ಒಬ್ಬರ ಮೇಲಿರಬೇಕು. ಇಲ್ಲವಾದರೆ ಎರಡನೆಯ ವರ್ಷಕ್ಕೆ ಅದು ಗೋಡೆಯ ಅಲಂಕಾರವಾಗುವುದರಲ್ಲಿ ಸಂಶಯವಿಲ್ಲ. ಮಲೆನಾಡಿನ ಜಿಲ್ಲಾಧಿಕಾರಿಗಳು ಮುಂದಿನ ಮುಂಗಾರಿಗೆ ಮೊದಲು, ಗುಡ್ಡ ಜರಿಯುವ ಭಯವಿರುವ ಗ್ರಾಮಗಳಿಂದಲೇ ಈ ಕೆಲಸವನ್ನು ಆರಂಭಿಸಬೇಕೆಂದು ನಾವು ಒತ್ತಾಯಿಸುತ್ತೇವೆ.