ಪರದೆ ಕಪ್ಪಾದರೆ ಕಂಪ್ಯೂಟರ್‌ಗೆ ಬೀಗ ಬಿದ್ದಂತೆಯೇ?

ಕಂಪ್ಯೂಟರ್ ಬಗ್ಗೆ ಈ ಮೂರು ಮಾತುಗಳನ್ನು ನೀವೂ ಕೇಳಿರಬಹುದು, ಫಾರ್ವರ್ಡ್ ಕೂಡ ಮಾಡಿರಬಹುದು. ಒಂದು, ಸ್ಕ್ರೀನ್ ಸೇವರ್ ಹಾಕಿದರೆ ಕರೆಂಟ್ ಉಳಿಯುತ್ತದೆ. ಎರಡು, ಸ್ಕ್ರೀನ್ ಸೇವರ್ ಬಂತೆಂದರೆ ಕಂಪ್ಯೂಟರ್ ಲಾಕ್ ಆಯಿತು. ಮೂರು, ಲಿನಕ್ಸ್ ಹಾಕಿಸಿಕೊಂಡರೆ ಭದ್ರತೆಯ ಚಿಂತೆಯೇ ಬೇಡ.

ಮೂರೂ ಅರ್ಧ ಸತ್ಯ. ಉಳಿದರ್ಧ ಎಲ್ಲಿದೆ ಎಂದು ತಿಳಿಯಬೇಕಾದರೆ ಸ್ಕ್ರೀನ್ ಸೇವರ್ ಎಂಬ ಪುಟ್ಟ ತಂತ್ರಾಂಶ ಹೇಗೆ ತಯಾರಾಗುತ್ತದೆ ಎಂದು ಸ್ವಲ್ಪ ನೋಡಬೇಕು.

ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ಕಡೆಗೆ ಹೋಗುವ ರಸ್ತೆಯಲ್ಲಿ ಕಪನೂರ ಕೈಗಾರಿಕಾ ಪ್ರದೇಶವಿದೆ. ಅಲ್ಲಿನ ಒಂದು ದಾಲ್ ಮಿಲ್ಲಿನ ಕಚೇರಿಯನ್ನು ಊಹಿಸಿಕೊಳ್ಳಿ. ಹಳೆಯ ಕಂಪ್ಯೂಟರ್, ಅದರಲ್ಲಿ ಲಿನಕ್ಸ್. ತೊಗರಿ ತಂದವರ ಲೆಕ್ಕ, ಜಿಎಸ್‌ಟಿ ಬಿಲ್ಲು, ಬ್ಯಾಂಕಿನ ಪುಟ ಎಲ್ಲವೂ ಅದರಲ್ಲೇ. ಮುನೀಮರು ಊಟಕ್ಕೆ ಏಳುತ್ತಾರೆ. ಹತ್ತು ನಿಮಿಷಕ್ಕೆ ಪರದೆ ಕಪ್ಪಾಗುತ್ತದೆ, ಬಣ್ಣದ ಗೆರೆಗಳು ಕುಣಿಯುತ್ತವೆ. ಬಂದುಹೋಗುವವರೆಲ್ಲ ‘ಲಾಕ್ ಆಗಿದೆ’ ಎಂದುಕೊಳ್ಳುತ್ತಾರೆ. ಯಾರೋ ಮೌಸ್ ಅಲುಗಾಡಿಸಿದರೆ ಪಾಸ್‌ವರ್ಡ್ ಕೇಳದೆಯೇ ಲೆಕ್ಕದ ಪುಟ ತೆರೆದುಕೊಂಡರೆ?

ಹೀಗಾಗುವುದು ಸಾಧ್ಯ. ಅದಕ್ಕೆ ವೈರಸ್ ಬೇಕಿಲ್ಲ, ಹ್ಯಾಕರ್ ಬೇಕಿಲ್ಲ. ಆ ತಂತ್ರಾಂಶವನ್ನು ತಯಾರಿಸಿದ ದಿನ ಒಂದು ಐಚ್ಛಿಕ ಸೌಲಭ್ಯ ಬಿಟ್ಟುಹೋಗಿದ್ದರೂ ಸಾಕು.

ಮೊದಲು, ಸ್ಕ್ರೀನ್ ಸೇವರ್ ಯಾಕೆ ಬಂತು?

ಹಳೆಯ ದಪ್ಪ ಮಾನಿಟರುಗಳ ಗಾಜಿನ ಒಳಗೋಡೆಗೆ ರಂಜಕದ ಲೇಪನ ಇರುತ್ತಿತ್ತು. ಒಂದೇ ಚಿತ್ರ ಗಂಟೆಗಟ್ಟಲೆ ನಿಂತರೆ ಆ ಲೇಪನ ಸವೆದು, ಅಕ್ಷರಗಳ ನೆರಳು ಶಾಶ್ವತವಾಗಿ ಉಳಿದುಬಿಡುತ್ತಿತ್ತು. ಅದನ್ನು ತಪ್ಪಿಸಲು 1983ರಲ್ಲಿ ಜಾನ್ ಸೋಚಾ ಎಂಬವರು ಐಬಿಎಂ ಪಿಸಿಗಾಗಿ ಒಂದು ಪುಟ್ಟ ಪ್ರೋಗ್ರಾಂ ಬರೆದರು. ಯಾರೂ ಕೀ ಒತ್ತದಿದ್ದರೆ ಪರದೆಯನ್ನು ಕಪ್ಪಾಗಿಸುವುದಷ್ಟೇ ಅದರ ಕೆಲಸ. ಕುಣಿಯುವ ಚಿತ್ರಗಳು ಆಮೇಲೆ ಬಂದವು.

ಯುನಿಕ್ಸ್ ಮತ್ತು ಲಿನಕ್ಸ್ ಲೋಕದಲ್ಲಿ ಹೆಸರಾದದ್ದು ಎಕ್ಸ್‌ಸ್ಕ್ರೀನ್‌ಸೇವರ್. ಜೇಮಿ ಜವಿನ್ಸ್ಕಿ ಎಂಬ ಪ್ರೋಗ್ರಾಮರ್ ಇದನ್ನು 1992ರಲ್ಲಿ ಬಿಡುಗಡೆ ಮಾಡಿದರು. ಇಂದು ಅದರಲ್ಲಿ 200ಕ್ಕೂ ಹೆಚ್ಚು ಚಿತ್ರಾಟಗಳಿವೆ. ಅದಕ್ಕಿಂತ ಮುಖ್ಯವಾಗಿ, ಪಾಸ್‌ವರ್ಡ್ ಕೇಳಿ ಪರದೆಗೆ ಬೀಗ ಹಾಕುವ ಕೆಲಸವೂ ಅದರದ್ದೇ.

ಹೀಗೆ ಒಂದೇ ಹೆಸರಿನ ಕೆಳಗೆ ಮೂರು ಬೇರೆ ಬೇರೆ ಕೆಲಸ ಸೇರಿಕೊಂಡಿವೆ: ಚಿತ್ರ ತೋರಿಸುವುದು, ಮಾನಿಟರ್ ಆರಿಸುವುದು, ಬೀಗ ಹಾಕುವುದು. ಒಂದು ನಡೆದರೆ ಉಳಿದೆರಡೂ ನಡೆದವು ಎಂದರ್ಥವಲ್ಲ. ನಮ್ಮ ಗೊಂದಲದ ಬೇರು ಇಲ್ಲಿದೆ.

ಬೇಳೆ ತಯಾರಾಗುವುದು ಗಿರಣಿಯಲ್ಲಿ

ತಂತ್ರಾಂಶವನ್ನು ಮನುಷ್ಯರು ಬರೆಯುವುದು ಸೋರ್ಸ್ ಕೋಡ್ ಎಂಬ ರೂಪದಲ್ಲಿ. ಅದನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ಬದಲಿಸುವುದೇ ಕಂಪೈಲ್ ಮಾಡುವುದು. ಸೋರ್ಸ್ ಕೋಡ್ ಇಡೀ ತೊಗರಿ ಇದ್ದಂತೆ, ಕಂಪೈಲ್ ಆದದ್ದು ಬೇಳೆ ಇದ್ದಂತೆ. ಎಣ್ಣೆ ಹಚ್ಚಿದ ಬೇಳೆಯೋ ಹಚ್ಚದ ಬೇಳೆಯೋ ಎಂಬುದು ಗಿರಣಿಯಲ್ಲೇ ನಿರ್ಧಾರವಾಗುತ್ತದೆ. ಪ್ಯಾಕೆಟ್ ಮನೆಗೆ ತಂದ ಮೇಲೆ ಅಡುಗೆಮನೆಯಲ್ಲಿ ಅದನ್ನು ಬದಲಿಸಲಾಗದು.

ತಂತ್ರಾಂಶದಲ್ಲಿ ಈ ನಿರ್ಧಾರ ಆಗುವ ಹಂತಕ್ಕೆ ಕಾನ್ಫಿಗರ್ ಎಂದು ಹೆಸರು. ಕಂಪೈಲ್‌ಗೆ ಮುಂಚೆ ಈ ಹೆಸರಿನ ಒಂದು ಸ್ಕ್ರಿಪ್ಟ್ ಓಡುತ್ತದೆ. ಅದು ನಿಮ್ಮ ಯಂತ್ರದಲ್ಲಿ ಏನೇನಿದೆ ಎಂದು ಒಂದೊಂದಾಗಿ ಪರೀಕ್ಷಿಸುತ್ತದೆ: ‘ಇದು ಇದೆಯೇ? ಹೌದು. ಅದು ಇದೆಯೇ? ಇಲ್ಲ.’ ಇದ್ದದ್ದನ್ನು ಸೇರಿಸಿಕೊಳ್ಳುತ್ತದೆ, ಇಲ್ಲದ್ದನ್ನು ಬಿಟ್ಟು ಮುಂದೆ ಹೋಗುತ್ತದೆ. ಕಂಪೈಲ್ ಮಾಡುವವರು ತಾವಾಗಿಯೂ ಹೇಳಬಹುದು. ‘ವಿತ್’ ಎಂದು ಬರೆದರೆ ಆ ಸೌಲಭ್ಯ ಬೇಕು, ‘ವಿತೌಟ್’ ಎಂದರೆ ಬೇಡ.

ಎಡವಟ್ಟು ಆಗುವುದು ‘ಬಿಟ್ಟು ಮುಂದೆ ಹೋಗುವ’ ಕಡೆ. ಲಿನಕ್ಸ್‌ನಲ್ಲಿ ಒಂದು ಸೌಲಭ್ಯವನ್ನು ಬಳಸಲು ಬೇಕಾದ ಪ್ಯಾಕೇಜ್ ಬೇರೆ, ಅದನ್ನು ಸೇರಿಸಿ ಹೊಸ ತಂತ್ರಾಂಶ ಕಂಪೈಲ್ ಮಾಡಲು ಬೇಕಾದ ‘ಡೆವಲಪ್‌ಮೆಂಟ್’ ಪ್ಯಾಕೇಜ್ ಬೇರೆ. ಮೊದಲನೆಯದು ಇದ್ದು ಎರಡನೆಯದು ಇಲ್ಲದಿದ್ದರೆ ಕಾನ್ಫಿಗರ್ ‘ಇಲ್ಲ’ ಎನ್ನುತ್ತದೆ. ಐಚ್ಛಿಕ ಸೌಲಭ್ಯವಾದ್ದರಿಂದ ಕಂಪೈಲ್ ನಿಲ್ಲುವುದಿಲ್ಲ, ಕೆಂಪು ಅಕ್ಷರದ ದೋಷವೂ ಬರಬೇಕೆಂದಿಲ್ಲ. ನೂರಾರು ಸಾಲುಗಳ ನಡುವೆ ಒಂದು ‘ನೋ’ ಬಂದು ಹೋಗಿರುತ್ತದೆ, ಅಷ್ಟೇ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಹುಡುಕಿದರೂ ಆ ಸೌಲಭ್ಯ ಸಿಗುವುದಿಲ್ಲ.

ಯಾವ ಸೌಲಭ್ಯ ಬಿಟ್ಟುಹೋದರೆ ಏನಾಗುತ್ತದೆ?

ಎಲ್ಲ ‘ಇಲ್ಲ’ಗಳೂ ಒಂದೇ ತೂಕದವಲ್ಲ.

ಓಪನ್‌ಜಿಎಲ್ ಬಿಟ್ಟುಹೋದರೆ ಮೂರು ಆಯಾಮದ ಚಿತ್ರಗಳು ಬರುವುದಿಲ್ಲ. ಜೆಪಿಇಜಿ ಬೆಂಬಲ ಇಲ್ಲದಿದ್ದರೆ ನಿಮ್ಮ ಫೋಟೊಗಳನ್ನು ತೋರಿಸುವ ಆಟಗಳಿಗೆ ತೊಂದರೆ. ಎಕ್ಸ್‌ಎಸ್‌ಎಚ್‌ಎಂ ಎಂಬ ಹಂಚಿಕೆಯ ಮೆಮೊರಿ ಸೌಲಭ್ಯ ಇಲ್ಲದಿದ್ದರೆ ಕೆಲವು ಚಿತ್ರಗಳು ನಿಧಾನವಾಗುತ್ತವೆ. ಇವು ಅಲಂಕಾರದ ವಿಷಯ.

ರ‍್ಯಾಂಡರ್ ಅಥವಾ ಝೈನೆರಾಮಾ ಎಂಬವು ಎರಡು ಮಾನಿಟರ್ ಇರುವ ಕಡೆ ಬೇಕಾಗುತ್ತವೆ. ಅವಿಲ್ಲದಿದ್ದರೆ ತಂತ್ರಾಂಶಕ್ಕೆ ಎರಡೂ ಪರದೆ ಸೇರಿ ಒಂದೇ ಅಗಲ ಪರದೆಯಂತೆ ಕಾಣಬಹುದು. ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಅರ್ಧ ಈಚೆ, ಅರ್ಧ ಆಚೆ ಮೂಡುತ್ತದೆ. ಕಿರಿಕಿರಿ ಹೌದು, ಅಪಾಯವಿಲ್ಲ.

ಡಿಪಿಎಂಎಸ್ ಎಂಬುದು ಮಾನಿಟರ್‌ಗೆ ‘ಈಗ ಮಲಗು’ ಎಂದು ಹೇಳುವ ವ್ಯವಸ್ಥೆ. ಕರೆಂಟ್ ಉಳಿಯುವುದು ಇದರಿಂದ. ಮೊದಲ ಫಾರ್ವರ್ಡ್‌ಗೆ ಉತ್ತರವೂ ಇಲ್ಲೇ ಇದೆ. ಚಿತ್ರ ಕುಣಿಯುತ್ತಿದ್ದರೆ ಮಾನಿಟರ್ ಉರಿಯುತ್ತಲೇ ಇರುತ್ತದೆ, ಮೂರು ಆಯಾಮದ ಚಿತ್ರವಾದರೆ ಪ್ರೊಸೆಸರ್‌ಗೂ ಕೆಲಸ ಹೆಚ್ಚು. 40 ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ ಆ ಹೆಚ್ಚುವರಿ ಶಾಖ ಯಾರಿಗೂ ಬೇಕಿಲ್ಲ. ಕರೆಂಟ್ ಉಳಿಸಬೇಕೆಂದರೆ ಖಾಲಿ ಪರದೆ ಆರಿಸಿ, ಮಾನಿಟರ್ ಆರುವ ಸಮಯ ನಿಗದಿ ಮಾಡಿ.

ಇನ್ನು ನಿಜವಾದ ತೂಕದ ವಿಷಯ: ಪಾಸ್‌ವರ್ಡ್. ಹಳೆಯ ಯುನಿಕ್ಸ್‌ನಲ್ಲಿ ಗೂಢರೂಪದ ಪಾಸ್‌ವರ್ಡ್‌ಗಳು ಎಲ್ಲರೂ ಓದಬಹುದಾದ ಒಂದು ಕಡತದಲ್ಲಿ ಇರುತ್ತಿದ್ದವು. ಅದು ಅಪಾಯ ಎಂದು ಅವುಗಳನ್ನು ‘ಶ್ಯಾಡೋ’ ಎಂಬ ಬೇರೆ ಕಡತಕ್ಕೆ ಸಾಗಿಸಲಾಯಿತು. ಅದನ್ನು ಓದುವ ಅಧಿಕಾರ ಸಾಮಾನ್ಯ ಪ್ರೋಗ್ರಾಂಗಳಿಗಿಲ್ಲ, ಯಂತ್ರದ ಯಜಮಾನನಾದ ‘ರೂಟ್’ಗೆ ಮಾತ್ರ. ಹಾಗಾದರೆ ನೀವು ಒತ್ತಿದ ಪಾಸ್‌ವರ್ಡ್ ಸರಿಯೇ ಎಂದು ಸ್ಕ್ರೀನ್ ಸೇವರ್ ತಿಳಿಯುವುದು ಹೇಗೆ? ದಾರಿ ಎರಡು. ‘ಪ್ಯಾಮ್’ ಎಂಬ ಮಧ್ಯವರ್ತಿಯನ್ನು ಕೇಳುವುದು. ಇಲ್ಲವೇ ಆರಂಭದಲ್ಲಿ ಕ್ಷಣಹೊತ್ತು ರೂಟ್ ಅಧಿಕಾರ ಪಡೆದು, ಬೇಕಾದ್ದನ್ನು ಓದಿ, ಅಧಿಕಾರವನ್ನು ಕೆಳಗಿಡುವುದು.

ಪ್ಯಾಮ್ ಸೇರಿಲ್ಲ, ರೂಟ್ ಅಧಿಕಾರವೂ ಇಲ್ಲ ಎಂದಾದರೆ ಪಾಸ್‌ವರ್ಡ್ ಪರೀಕ್ಷಿಸುವ ದಾರಿಯೇ ಇಲ್ಲ. ತೆರೆಯಲಾಗದ ಬೀಗ ಹಾಕಿ ಮಾಲೀಕರನ್ನೇ ಹೊರಗಿಡುವುದಕ್ಕಿಂತ ಬೀಗ ಹಾಕದಿರುವುದೇ ಮೇಲು ಎಂದು ತಂತ್ರಾಂಶ ಲಾಕ್ ಸೌಲಭ್ಯವನ್ನೇ ಬಿಟ್ಟುಬಿಡುತ್ತದೆ. ಚಿತ್ರ ಮಾತ್ರ ಎಂದಿನಂತೆ ಕುಣಿಯುತ್ತದೆ. ನಮ್ಮ ಮುನೀಮರ ಕಚೇರಿಯಲ್ಲಿ ಆದದ್ದು ಹೀಗೆ.

ಇದರ ತದ್ವಿರುದ್ಧವೂ ಉಂಟು. ಪ್ಯಾಮ್ ಸೇರಿರುತ್ತದೆ, ಆದರೆ ಈ ತಂತ್ರಾಂಶದ ಹೆಸರಿನಲ್ಲಿ ಇರಬೇಕಾದ ಪ್ಯಾಮ್ ಕಡತ ಸ್ಥಾಪನೆಯಾಗಿರುವುದಿಲ್ಲ. ಆಗ ಕೆಲವು ವ್ಯವಸ್ಥೆಗಳಲ್ಲಿ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಬಾಗಿಲು ತೆರೆಯುವುದಿಲ್ಲ. ‘ಯಾರೋ ಹ್ಯಾಕ್ ಮಾಡಿ ಪಾಸ್‌ವರ್ಡ್ ಬದಲಿಸಿದ್ದಾರೆ’ ಎಂಬ ಗಾಬರಿ ಶುರುವಾಗುತ್ತದೆ. ವಾಸ್ತವದಲ್ಲಿ ಒಂದು ಪುಟ್ಟ ಕಡತ ಕಾಣೆಯಾಗಿರುತ್ತದೆ.

ಹಾಗಾದರೆ ಎಲ್ಲವನ್ನೂ ಸೇರಿಸಿಬಿಟ್ಟರೆ ಆಯಿತಲ್ಲ?

ಸೌಲಭ್ಯ ಹೆಚ್ಚಾದಷ್ಟೂ ಒಳ್ಳೆಯದು ಎಂದು ನಮಗೆ ಅನ್ನಿಸುತ್ತದೆ. ಬೀಗದ ವಿಷಯದಲ್ಲಿ ಈ ಲೆಕ್ಕ ತಪ್ಪು.

ಎಕ್ಸ್ ವಿಂಡೋ ಎಂಬ ಹಳೆಯ ಚಿತ್ರವ್ಯವಸ್ಥೆಯಲ್ಲಿ ಲಾಕ್ ಎಂದರೆ ಇಡೀ ಪರದೆಗೆ ಹೊದಿಸಿದ ಒಂದು ದೊಡ್ಡ ಕಿಟಕಿ. ಕೀಬೋರ್ಡ್ ಮತ್ತು ಮೌಸ್‌ನ ಎಲ್ಲ ಸಂದೇಶಗಳನ್ನೂ ಆ ಕಿಟಕಿ ತನ್ನಲ್ಲೇ ಹಿಡಿದಿಟ್ಟುಕೊಂಡಿರುತ್ತದೆ. ಆ ಪ್ರೋಗ್ರಾಂ ಯಾವುದೋ ಕಾರಣಕ್ಕೆ ಕುಸಿದುಬಿದ್ದರೆ ಹೊದಿಕೆಯೂ ಬೀಳುತ್ತದೆ, ಹಿಂದಿನ ಪುಟ ಬಯಲಾಗುತ್ತದೆ. ಆದ್ದರಿಂದ ಬೀಗ ಹಿಡಿದಿರುವ ಭಾಗ ಎಂದಿಗೂ ಕುಸಿಯಬಾರದು. ಅದರೊಳಗೆ ತುಂಬುವ ಪ್ರತಿಯೊಂದು ಹೆಚ್ಚುವರಿ ಸೌಲಭ್ಯವೂ ಕುಸಿಯಲು ಇನ್ನೊಂದು ಕಾರಣ.

ಇದಕ್ಕೆ ಒಳ್ಳೆಯ ಉದಾಹರಣೆ 2021ರ ಜನವರಿಯದು. ಲಿನಕ್ಸ್ ಮಿಂಟ್ ಬಳಸುತ್ತಿದ್ದ ಒಬ್ಬರ ಮನೆಯಲ್ಲಿ ಮಕ್ಕಳು ಲಾಕ್ ಆಗಿದ್ದ ಕಂಪ್ಯೂಟರ್‌ನ ಕೀಬೋರ್ಡನ್ನೂ ಪರದೆಯ ಮೇಲಿನ ಕೀಬೋರ್ಡನ್ನೂ ಮನಬಂದಂತೆ ಒತ್ತುತ್ತಿದ್ದರು. ಲಾಕ್ ತೆರೆದುಕೊಂಡಿತು! ಅದು ಎಕ್ಸ್‌ಸ್ಕ್ರೀನ್‌ಸೇವರ್ ಅಲ್ಲ, ಮಿಂಟ್‌ನ ಸಿನಮನ್ ಎಂಬ ಬೇರೆ ಲಾಕ್ ತಂತ್ರಾಂಶ. ಅನುಕೂಲಕ್ಕೆಂದು ಸೇರಿಸಿದ್ದ ಪರದೆಯ ಕೀಬೋರ್ಡ್‌ನಲ್ಲಿ ಒಂದು ವಿಶೇಷ ಅಕ್ಷರ ಒತ್ತಿದರೆ ಆ ಭಾಗ ಕುಸಿಯುತ್ತಿತ್ತು, ತನ್ನ ಜೊತೆ ಬೀಗವನ್ನೂ ಎಳೆದುಕೊಂಡು ಬೀಳುತ್ತಿತ್ತು. ಚಿತ್ರವ್ಯವಸ್ಥೆಗೆ ಆಗಷ್ಟೇ ಬಂದಿದ್ದ ಒಂದು ಭದ್ರತಾ ತಿದ್ದುಪಡಿಯಿಂದ ಈ ದೋಷ ಹೊರಬಿದ್ದಿತ್ತು. ಮಿಂಟ್ ತಂಡ ಬೇಗನೇ ಸರಿಪಡಿಸಿತು. ಮೂರನೆಯ ಫಾರ್ವರ್ಡ್‌ಗೆ ಇದೇ ಉತ್ತರ: ಲಿನಕ್ಸ್ ಎಂಬ ಹೆಸರೊಂದೇ ಕಾಪಾಡುವುದಿಲ್ಲ.

ಪರದೆಯ ಕೀಬೋರ್ಡ್ ಕೆಲವರಿಗೆ ಅತ್ಯಗತ್ಯ. ಅದನ್ನು ಸೇರಿಸಿದ್ದೇ ತಪ್ಪು ಎನ್ನಲಾಗದು. ಅದು ಬಿದ್ದರೆ ಬೀಗವೂ ಬೀಳುವಂತೆ ಜೋಡಿಸಿದ್ದು ತೊಂದರೆ. ಎಕ್ಸ್‌ಸ್ಕ್ರೀನ್‌ಸೇವರ್‌ನಲ್ಲಿ ಮೊದಲಿನಿಂದಲೂ ಕುಣಿಯುವ ಚಿತ್ರಗಳು ಪ್ರತ್ಯೇಕ ಪ್ರೋಗ್ರಾಂಗಳು. ಒಂದು ಚಿತ್ರ ಕುಸಿದರೆ ಬೀಗಕ್ಕೆ ಏನೂ ಆಗದು. 2021ರಲ್ಲಿ ಬಂದ 6.0 ಆವೃತ್ತಿಯಲ್ಲಿ ಇದನ್ನು ಇನ್ನೂ ಬಿಗಿ ಮಾಡಲಾಯಿತು: ಬೀಗ ಹಿಡಿಯುವುದು ಒಂದು ಚಿಕ್ಕ ಪ್ರೋಗ್ರಾಂ, ಪಾಸ್‌ವರ್ಡ್ ಕೇಳುವುದು ಇನ್ನೊಂದು, ಚಿತ್ರ ನೋಡಿಕೊಳ್ಳುವುದು ಮತ್ತೊಂದು.

ಮೆಮೊರಿ ಕಡಿಮೆ ಇರುವ ಹಳೆಯ ಕಂಪ್ಯೂಟರ್‌ಗಳಿಗೆ ಇನ್ನೊಂದು ಮಾತು. ಮೆಮೊರಿ ತುಂಬಿದಾಗ ಲಿನಕ್ಸ್ ಯಾವುದಾದರೂ ಪ್ರೋಗ್ರಾಂ ಅನ್ನು ತಾನಾಗಿಯೇ ಕೊಂದು ಜಾಗ ಮಾಡಿಕೊಳ್ಳುತ್ತದೆ. ಆ ಸರದಿ ಬೀಗದ ಪ್ರೋಗ್ರಾಂಗೆ ಬಂದರೆ? ‘ನನ್ನನ್ನು ಮುಟ್ಟಬೇಡ’ ಎಂದು ಹೇಳಿಕೊಳ್ಳಲು ಅದಕ್ಕೆ ಸ್ಥಾಪನೆಯ ವೇಳೆಯಲ್ಲೇ ರೂಟ್ ಅಧಿಕಾರ ಕೊಟ್ಟಿರಬೇಕು.

ನಮ್ಮ ಫೋನಿಗೂ ಇದಕ್ಕೂ ಏನು ಸಂಬಂಧ?

ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗೂ ಇರುವುದು ಲಿನಕ್ಸ್ ತಿರುಳೇ. ಅದರಲ್ಲಿ ಯಾವ ಸೌಲಭ್ಯ ಇರಬೇಕು, ಯಾವುದು ಬೇಡ ಎಂದು ತಯಾರಕರು ಕಂಪೈಲ್ ಮಾಡುವಾಗಲೇ ನಿರ್ಧರಿಸಿರುತ್ತಾರೆ. ‘ಸೆಟ್ಟಿಂಗ್ಸ್‌ಗೆ ಹೋಗಿ ಈ ಗುಪ್ತ ಆಯ್ಕೆ ಆನ್ ಮಾಡಿ’ ಎಂಬ ಫಾರ್ವರ್ಡ್ ನಿಮ್ಮ ಗೆಳೆಯರ ಫೋನಿನಲ್ಲಿ ಕೆಲಸ ಮಾಡಿ ನಿಮ್ಮದರಲ್ಲಿ ಮಾಡದಿರುವುದಕ್ಕೆ ಇದು ದೊಡ್ಡ ಕಾರಣ. ಆಂಡ್ರಾಯ್ಡ್‌ನಲ್ಲಿ 2012ರಿಂದಲೂ ಸ್ಕ್ರೀನ್ ಸೇವರ್ ಸೌಲಭ್ಯವಿದೆ. ಆದರೂ ಕೆಲವು ಫೋನ್‌ಗಳಲ್ಲಿ ಆ ಆಯ್ಕೆಯೇ ಕಾಣುವುದಿಲ್ಲ.

ಕಾಣದಿದ್ದಾಗ ಜನ ಮಾಡುವ ತಪ್ಪು, ಯಾರೋ ಕಳಿಸಿದ ಎಪಿಕೆ ಕಡತವನ್ನು ಹಾಕಿಕೊಳ್ಳುವುದು. ವಿಂಡೋಸ್‌ನಲ್ಲೂ ಇದೇ ಬಲೆ ಇದೆ. ಅಲ್ಲಿನ ಸ್ಕ್ರೀನ್ ಸೇವರ್ ಕಡತ ನೋಡಲು ಚಿತ್ರದಂತೆ ಅನ್ನಿಸಿದರೂ ಅದು ಪೂರ್ಣ ಪ್ರಮಾಣದ ಪ್ರೋಗ್ರಾಂ. ಅದನ್ನು ತೆರೆಯುವುದೂ ಗುರುತಿಲ್ಲದವರು ಕೊಟ್ಟ ತಂತ್ರಾಂಶ ಓಡಿಸುವುದೂ ಒಂದೇ. ಇಂಥ ಕಡತ ತೆರೆದು ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಐದು ನಿಮಿಷದ ಪರೀಕ್ಷೆ

ನಮ್ಮಲ್ಲಿ ಹೆಚ್ಚಿನವರು ಸ್ಕ್ರೀನ್ ಸೇವರ್ ಅನ್ನು ತಾವೇ ಕಂಪೈಲ್ ಮಾಡುವುದಿಲ್ಲ. ಡೆಬಿಯನ್, ಉಬುಂಟು ಮುಂತಾದವರು ಸಿದ್ಧಪಡಿಸಿದ ಪ್ಯಾಕೇಜ್ ಬಳಸುತ್ತೇವೆ. ಅದೇ ಒಳ್ಳೆಯದು, ಪ್ಯಾಮ್‌ನಂಥ ಅಗತ್ಯಗಳನ್ನು ಅವರು ನೋಡಿಕೊಂಡಿರುತ್ತಾರೆ. ಹಾಗಿದ್ದರೂ ಮನೆ, ಅಂಗಡಿ, ಕಚೇರಿಯ ಕಂಪ್ಯೂಟರ್‌ನಲ್ಲಿ ಇಷ್ಟು ಮಾಡಿ ನೋಡಿ.

1. ಕೆಲಸ ಉಳಿಸಿಕೊಂಡು ಕೈಯಾರೆ ಲಾಕ್ ಮಾಡಿ. ಪಾಸ್‌ವರ್ಡ್ ಕೇಳುತ್ತದೆಯೇ?
2. ಬೇಕೆಂದೇ ತಪ್ಪು ಪಾಸ್‌ವರ್ಡ್ ಕೊಡಿ. ಒಳಗೆ ಬಿಟ್ಟರೆ ಬೀಗ ಕೆಟ್ಟಿದೆ.
3. ಸರಿಯಾದದ್ದನ್ನು ಕೊಡಿ. ತೆರೆಯದಿದ್ದರೆ ಕೀಬೋರ್ಡ್ ಕನ್ನಡದಲ್ಲಿದೆಯೇ, ಕ್ಯಾಪ್ಸ್ ಲಾಕ್ ಆನ್ ಆಗಿದೆಯೇ ನೋಡಿ. ಕನ್ನಡ ಟೈಪ್ ಮಾಡುವಾಗ ಲಾಕ್ ಆದರೆ ಈ ತೊಂದರೆ ಬರಬಹುದು.
4. ಏನೂ ಮುಟ್ಟದೆ ಕಾಯಿರಿ. ನಿಗದಿತ ಸಮಯಕ್ಕೆ ತಾನಾಗಿಯೇ ಲಾಕ್ ಆಗುತ್ತದೆಯೇ? ಚಿತ್ರ ಬಂದಾಗಲೇ ಲಾಕ್ ಆಗುವಂತೆ ಇದೆಯೋ, ಎಷ್ಟೋ ನಿಮಿಷ ಬಿಟ್ಟೋ ಎಂಬುದನ್ನೂ ನೋಡಿ.
5. ಮಾನಿಟರ್ ಆರುತ್ತದೆಯೇ ಗಮನಿಸಿ.

ಯಾರಾದರೂ ತಾವೇ ಕಂಪೈಲ್ ಮಾಡಿಕೊಟ್ಟರೆ, ಕಾನ್ಫಿಗರ್ ಕೊನೆಯಲ್ಲಿ ಕೊಟ್ಟ ಎಚ್ಚರಿಕೆಗಳನ್ನು ಓದಿದಿರಾ ಎಂದು ಕೇಳಿ. ಪ್ಯಾಮ್‌ಗೆ ‘ಯೆಸ್’ ಬಂದಿತ್ತೇ ಎಂದು ಕೇಳಿ. ಬಿಟ್ಟುಹೋಗಿದ್ದರೆ ಬೇಕಾದ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿ, ಕಾನ್ಫಿಗರ್‌ನಿಂದಲೇ ಮತ್ತೆ ಶುರು ಮಾಡಬೇಕು.

ಮನೆಯ ಬಾಗಿಲು ಹಾಕಿದ ಮೇಲೆ ಬೀಗವನ್ನು ಒಮ್ಮೆ ಎಳೆದು ನೋಡಿ ಹೊರಡುತ್ತೇವೆ. ಕಂಪ್ಯೂಟರ್ ಬಿಟ್ಟು ಏಳುವಾಗಲೂ ಅಷ್ಟು ಮಾಡಿದರೆ ಸಾಕು. ಮುಂದಿನ ಬಾರಿ ಸ್ಕ್ರೀನ್ ಸೇವರ್ ಬಗ್ಗೆ ಫಾರ್ವರ್ಡ್ ಬಂದರೆ, ಅದರ ಬದಲು ಮೇಲಿನ ಐದು ಸಾಲುಗಳನ್ನು ಕಳಿಸಿ.