ಹಿತ್ತಿಲ ಕೋಳಿ, ಕಣಜದ ಬೆಕ್ಕು ಮತ್ತು ಶ್ರಾವಕನ ಲೆಕ್ಕಪತ್ರ

“ತಿನ್ನುವುದಿಲ್ಲ, ಕೊಲ್ಲುವುದಿಲ್ಲ, ಹಿತ್ತಿಲಲ್ಲಿ ಹತ್ತು ಕೋಳಿಗಳಿದ್ದರೆ ಅಣುವ್ರತಕ್ಕೆ ಯಾವ ಕುಂದು?” ಎಂಬ ಪ್ರಶ್ನೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದ ಒಕ್ಕಲುತನದ ಜೈನ ಮನೆಗಳಲ್ಲಿ ಈಗೀಗ ಕೇಳಿಬರುತ್ತಿದೆ. ಕಣಜದ ಇಲಿಗಳ ಕಾಟಕ್ಕೆ ಬೆಕ್ಕನ್ನು ಸಾಕಿದರೆ ಪಾಪ ಬೆಕ್ಕಿನದೇ ಹೊರತು ಸಾಕಿದವನದಲ್ಲ ಎಂಬ ಮಾತೂ ಅದರ ಬೆನ್ನಿಗೇ ಬರುತ್ತದೆ. ಇವನ್ನು ನಕ್ಕು ತಳ್ಳಿಹಾಕುವ ಹಿರಿಯರೂ, ವಿಚಾರಿಸದೆ ಒಪ್ಪಿಕೊಳ್ಳುವ ಕಿರಿಯರೂ ಸಮಾನವಾಗಿ ತಪ್ಪುತ್ತಾರೆ. ಪ್ರಶ್ನೆಗಳು ಹುಟ್ಟಿರುವುದು ನಾಲಗೆಯ ಚಾಪಲ್ಯದಿಂದಲ್ಲ, ಬಡತನದಿಂದ. ಆದುದರಿಂದ ಉತ್ತರವೂ ಗದರಿಕೆಯಾಗಿರದೆ ಲೆಕ್ಕಾಚಾರವಾಗಿರಬೇಕು.

ಮಳೆಯನ್ನೇ ನೆಚ್ಚಿದ ಎರಡು ಮೂರು ಎಕರೆ ಮೆಕ್ಕೆಜೋಳದ ಹೊಲದಿಂದ ಒಂದು ಸಂಸಾರ ವರ್ಷವಿಡೀ ನಡೆಯುವುದಿಲ್ಲ. ಅಂಥ ಮನೆಗೆ ಹಿತ್ತಿಲ ಕೋಳಿ ಸುಲಭದ ಆದಾಯವಾಗಿ ಕಾಣುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1980ರ ದಶಕದ ಕೊನೆಯಲ್ಲಿ ಗಿರಿರಾಜ ತಳಿಯನ್ನೂ, ಅನಂತರ 2005ರಲ್ಲಿ ಸ್ವರ್ಣಧಾರ ತಳಿಯನ್ನೂ ಹೊರತಂದುದು ಇಂತಹ ಹಿತ್ತಿಲುಗಳಿಗಾಗಿಯೇ. 2021ರಲ್ಲಿ ಪರಿಷ್ಕೃತಗೊಂಡ ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯಲ್ಲಿ ಗ್ರಾಮೀಣ ಕೋಳಿ ಘಟಕಕ್ಕೆ ಶೇಕಡಾ 50ರಷ್ಟು, ಗರಿಷ್ಠ 25 ಲಕ್ಷ ರೂಪಾಯಿಗಳ ಸಹಾಯಧನವೂ ದೊರೆಯುತ್ತದೆ. ಪದವಿ ಪಡೆದು ಊರಿಗೆ ಮರಳಿದ ಶ್ರಾವಕಪುತ್ರನೊಬ್ಬ ಈ ಅರ್ಜಿಯನ್ನು ಕೈಯಲ್ಲಿ ಹಿಡಿದು ನಿಂತರೆ “ಛೀ” ಎನ್ನುವುದು ಸುಲಭ. ಬದಲಿಗೆ ಏನು ಮಾಡಬೇಕೆಂದು ಹೇಳುವವರು ಕಡಿಮೆ.

ಆತನ ಮುಂದೆ ಇಡಬೇಕಾದ ಪ್ರಶ್ನೆ ಒಂದೇ: ಹುಂಜ ಎಲ್ಲಿಗೆ ಹೋಯಿತು? ಕಾವಿಗೆ ಕೂತ ಹೇಂಟೆಯ ಬುಟ್ಟಿಯಿಂದ ಹೊರಬರುವ ಮರಿಗಳಲ್ಲಿ ಸುಮಾರು ಅರ್ಧ ಗಂಡು. ಗಂಡು ಮೊಟ್ಟೆಯಿಡುವುದಿಲ್ಲ; ಹಿಂಡಿಗೆ ಒಂದೆರಡು ಸಾಕು. ಮೂರನೆಯದು ಬೆಳೆದೊಡನೆ ಹೊಡೆದಾಡುತ್ತದೆ, ಕಾಳು ತಿನ್ನುತ್ತದೆ, ಕೊನೆಗೆ ಕಾಲು ಕಟ್ಟಿಸಿಕೊಂಡು ತಲೆಕೆಳಗಾಗಿ ಸಂತೆಗೆ ಹೋಗುತ್ತದೆ. ದೊಡ್ಡ ಮರಿಕೇಂದ್ರಗಳಲ್ಲಿ ಮೊಟ್ಟೆಯ ತಳಿಯ ಗಂಡುಮರಿಗಳಿಗೆ ಅಷ್ಟು ಆಯುಷ್ಯವೂ ಇಲ್ಲ. ಹುಟ್ಟಿದ ದಿನವೇ ಅವುಗಳನ್ನು ಬೇರ್ಪಡಿಸಿ ಕೊಲ್ಲಲಾಗುತ್ತದೆ. ಇನ್ನು ಹೇಂಟೆಯ ಪಾಡು. ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆಗಳನ್ನಿಟ್ಟರೆ ವಾಣಿಜ್ಯ ತಳಿಯ ಕೋಳಿ ಸುಮಾರು 300 ಇಡುತ್ತದೆ. ಒಂದೂವರೆ ವರ್ಷ ಕಳೆದು ಮೊಟ್ಟೆ ಇಳಿಮುಖವಾದೊಡನೆ ಅದೂ ಮಾಂಸದ ತಕ್ಕಡಿಗೇ. ಮೊಟ್ಟೆಯಲ್ಲಿ ಜೀವಾಂಶವಿಲ್ಲ, ಅದು “ಶಾಕಾಹಾರಿ” ಎಂದು ವಾದಿಸುವವರು ಮೊಟ್ಟೆಯನ್ನು ಮಾತ್ರ ಬೆಳಕಿಗೆ ಹಿಡಿದು ನೋಡುತ್ತಾರೆ, ಅದರ ಹಿಂದಿನ ಬುಟ್ಟಿಯನ್ನು ನೋಡುವುದಿಲ್ಲ.

ಉದ್ಯೋಗಿ ಹಿಂಸೆ ಗೃಹಸ್ಥನಿಗೆ ಅನಿವಾರ್ಯವಲ್ಲವೇ ಎಂಬ ಆಕ್ಷೇಪ ಬರುತ್ತದೆ. ಅನಿವಾರ್ಯ ನಿಜ. ನೇಗಿಲು ಹೂಡಿದಾಗ ಎರೆಹುಳು ಸಾಯುತ್ತದೆ. ಆದರೆ ಎರೆಹುಳು ಸಾಯದಿದ್ದರೂ ಒಕ್ಕಲಿಗನಿಗೆ ನಷ್ಟವಿಲ್ಲ, ಲಾಭವೇ. ಕೋಳಿ ಸಾಯದಿದ್ದರೆ ಕೋಳಿಸಾಕಣೆ ದಿವಾಳಿಯಾಗುತ್ತದೆ. ಎಚ್ಚರವಿದ್ದೂ ಆಗುವ ಸಾವು ಬೇರೆ, ಸಾವನ್ನೇ ಜಮಾ ಬದಿಯಲ್ಲಿ ಬರೆಯುವ ಕಸಬು ಬೇರೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಅಹಿಂಸಾಣುವ್ರತಕ್ಕೆ ಹೇಳುವ ಐದು ಅತಿಚಾರಗಳನ್ನು ಸ್ವಾಧ್ಯಾಯದಲ್ಲಿ ಓದದ ಮನೆಯಿಲ್ಲ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಬಾಯಿಪಾಠ ಒಪ್ಪಿಸಿದವರು ಒಮ್ಮೆ ಮೊಟ್ಟೆಕೋಳಿಯ ಶೆಡ್ಡಿನ ಒಳಹೊಕ್ಕು ನೋಡಬೇಕು. ರೆಕ್ಕೆ ಬಿಚ್ಚಲಾಗದ ತಂತಿಯ ಪಂಜರ ಬಂಧ. ಒಂದನ್ನೊಂದು ಕುಕ್ಕಬಾರದೆಂದು ಕಾದ ಅಲಗಿನಿಂದ ಕೊಕ್ಕಿನ ತುದಿಯನ್ನು ತೆಗೆಯುವುದು ಛೇದ. ಮೂಳೆಯ ಸುಣ್ಣವೆಲ್ಲ ಮೊಟ್ಟೆಯ ಚಿಪ್ಪಿಗೆ ಸೋರಿಹೋಗುವಷ್ಟು ಇಡಿಸುವುದು ಅತಿಭಾರ. ಮತ್ತೊಂದು ಸುತ್ತಿನ ಮೊಟ್ಟೆಗಾಗಿ ಮೇವು ನಿಲ್ಲಿಸಿ ಗರಿ ಉದುರಿಸುವ ರೂಢಿಯೊಂದಿದೆ, ಅದು ಅನ್ನಪಾನನಿರೋಧ. ಹಿತ್ತಿಲ ಕೋಳಿಗೆ ಇವುಗಳಲ್ಲಿ ಮೂರು ಇಲ್ಲವೆನ್ನಬಹುದು. ವಧ ಉಳಿದೇ ಉಳಿಯುತ್ತದೆ.

ಹಾಲಿನ ಮಾತನ್ನು ಎತ್ತುವವರಿಗೂ ಉತ್ತರ ಕೊಡಬೇಕು, ಏಕೆಂದರೆ ಆಕ್ಷೇಪಗಳಲ್ಲಿ ಬಲವಾದುದು ಅದೊಂದೇ. ಗಂಡುಕರು ಎಲ್ಲಿಗೆ ಹೋಯಿತು? ಎತ್ತು ಹೊಲದಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರವಿತ್ತು. ಟ್ರ್ಯಾಕ್ಟರು ಬಂದ ಮೇಲೆ ಉತ್ತರ ತೊದಲುತ್ತದೆ. ಇದು ನ್ಯಾಯವಾದ ಆಕ್ಷೇಪ. ಆದರೆ ಇದರಿಂದ ಕೋಳಿ ನಿರ್ದೋಷಿಯಾಗುವುದಿಲ್ಲ, ಹಾಲೂ ಕಟಕಟೆಗೆ ಬರುತ್ತದೆ, ಅಷ್ಟೆ. ಒಂದು ಖಾತೆಯಲ್ಲಿ ಬಾಕಿಯಿದೆಯೆಂದು ಎರಡನೆಯ ಖಾತೆಯಲ್ಲಿ ಸಾಲ ಎತ್ತುವ ವ್ಯಾಪಾರಿಯನ್ನು ಯಾರೂ ಬುದ್ಧಿವಂತನೆನ್ನರು.

ಮುನಿಗಳ ಪಿಂಛಿ ನವಿಲುಗರಿಯದಲ್ಲವೇ, ಮೊಟ್ಟೆಯೂ ಹಾಗೆಯೇ ತಾನಾಗಿ ಬಿದ್ದದ್ದಲ್ಲವೇ ಎಂಬ ಚಮತ್ಕಾರದ ಮಾತೂ ಉಂಟು. ಇದಕ್ಕೆ ಉತ್ತರ ಶಿಗ್ಗಾಂವಿ ತಾಲೂಕಿನಲ್ಲಿಯೇ ಇದೆ. ಬಂಕಾಪುರದ ಕೋಟೆಯೊಳಗೆ 2006ರಲ್ಲಿ ನವಿಲುಧಾಮ ಘೋಷಿತವಾಯಿತು. ಗುಣಭದ್ರಾಚಾರ್ಯರ ಉತ್ತರಪುರಾಣ ಶಕ 820ರಲ್ಲಿ, ಅಂದರೆ ಕ್ರಿ.ಶ. 898ರಲ್ಲಿ, ಪೂಜೆಗೊಂಡ ಊರು ಅದು. ಗಂಗ ದೊರೆ ಮಾರಸಿಂಹ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಗೊಂಡ ನೆಲವೂ ಅದೇ. ಅಲ್ಲಿಯ ನವಿಲು ಯಾರ ಆಸ್ತಿಯೂ ಅಲ್ಲ. ಗರಿ ಬೀಳಲೆಂದು ಅದನ್ನು ಯಾರೂ ಹುಟ್ಟಿಸುವುದಿಲ್ಲ, ಬೀಳುವುದು ನಿಂತಿತೆಂದು ಯಾರೂ ಕೊಯ್ಯುವುದಿಲ್ಲ. ಕೋಳಿಯ ವಿಷಯದಲ್ಲಿ ಇವೆರಡೂ ನಡೆಯುತ್ತವೆ.

ಕನ್ನಡ ಜೈನರಿಗೆ ಕೋಳಿಯ ಕಥೆಯನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಜನ್ನನು 1209ರಲ್ಲಿ ಮುಗಿಸಿದ ಯಶೋಧರ ಚರಿತೆಯಲ್ಲಿ ಅರಸನೊಬ್ಬ ತಾಯಿಯ ಒತ್ತಾಯಕ್ಕೆ ಮಣಿದು ಬಲಿಗೊಟ್ಟದ್ದು ಹಿಟ್ಟಿನ ಕೋಳಿಯನ್ನು. ರಕ್ತದ ಹನಿಯೂ ಇಲ್ಲ. ಇದ್ದದ್ದು ಸಂಕಲ್ಪ ಮಾತ್ರ. ಅದರ ಫಲವಾಗಿ ತಾಯಿಮಕ್ಕಳಿಬ್ಬರೂ ತಿರ್ಯಗ್ಗತಿಯಲ್ಲಿ ಜನ್ಮಜನ್ಮಾಂತರ ತೊಳಲಿ, ಕೊನೆಗೆ ತಾವೇ ಕೋಳಿಗಳಾಗಿ ಹುಟ್ಟಿ, ಧರ್ಮವನ್ನು ಕೇಳಿ ಹರ್ಷದಿಂದ ಕೂಗಿದಾಗ ಅರಸನ ಬಾಣಕ್ಕೆ ಈಡಾದರು. ಹಿಟ್ಟಿನ ಕೋಳಿಗೆ ಅಷ್ಟು ದಂಡ ತೆತ್ತ ಕಥೆಯನ್ನು ಬಸದಿಯಲ್ಲಿ ಕೇಳಿ ತಲೆದೂಗಿದವರು, ಜೀವಂತ ಕೋಳಿಯನ್ನು ಮಾರುವಾಗ “ಕೊಯ್ಯುವವನು ಬೇರೆ” ಎಂದು ಹೇಳಿಕೊಳ್ಳುವುದು ವಿಚಿತ್ರವಾಗಿದೆ. ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಶಾಸ್ತ್ರ ಒಂದೇ ಸಾಲಿನಲ್ಲಿ ನಿಲ್ಲಿಸಿರುವುದು ಈ ನೆಪಕ್ಕೆ ಎಡೆಯಿರಬಾರದೆಂದೇ.

ಬೆಕ್ಕಿನ ವಿಷಯದಲ್ಲಿ ಪೂರ್ವಾಚಾರ್ಯರು ಇನ್ನೂ ನೇರವಾಗಿ ಮಾತಾಡಿದ್ದಾರೆ. ಕಾರ್ತಿಕೇಯಾನುಪ್ರೇಕ್ಷೆ ಬೆಕ್ಕು ಮೊದಲಾದವನ್ನು ಸಾಕುವುದನ್ನು ಆಯುಧದ ಮಾರಾಟದೊಡನೆ ಸೇರಿಸಿ ಅನರ್ಥದಂಡವೆಂದು ಎಣಿಸಿದೆ. 12ನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರ ಹಣಕ್ಕಾಗಿ ಬೆಕ್ಕು, ನಾಯಿ, ಕೋಳಿ, ಗಿಳಿಗಳನ್ನು ಸಾಕುವುದನ್ನು ಅಸತೀಪೋಷಣವೆಂದು ಹೆಸರಿಸಿ ಶ್ರಾವಕನಿಗೆ ನಿಷಿದ್ಧವಾದ ಕರ್ಮಾದಾನಗಳಲ್ಲಿ ಸೇರಿಸಿದೆ. ದಿಗಂಬರ, ಶ್ವೇತಾಂಬರ ಎರಡೂ ಪರಂಪರೆಗಳು ಒಂದೇ ಮಾತನ್ನು ಹೇಳುವ ವಿಷಯಗಳಲ್ಲಿ ಇದೊಂದು. ಒಂದು ಬೆಕ್ಕು ಇಲಿಗಳನ್ನು ಕೊಂದು ಅನೇಕರ ಅನ್ನವನ್ನು ಉಳಿಸುವುದಲ್ಲ ಎಂಬ ಲೆಕ್ಕವೂ ಹೊಸತಲ್ಲ. ಕೆಲವನ್ನು ಕೊಂದು ಹಲವನ್ನು ಕಾಯುತ್ತೇವೆಂಬ ತರ್ಕವನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹೆಸರಿಟ್ಟು ತಳ್ಳಿಹಾಕಿದ್ದಾರೆ.

ಶಾಸ್ತ್ರವನ್ನು ಬದಿಗಿಟ್ಟರೂ ಕಣಜದ ಬೆಕ್ಕು ನಷ್ಟದ ವ್ಯವಹಾರ. ಅದು ಹಿಡಿಯುವುದು ಹೆಚ್ಚಾಗಿ ಇಲಿಮರಿಗಳನ್ನು. ದೊಡ್ಡ ಹೆಗ್ಗಣಕ್ಕೆ ಅನೇಕ ಬೆಕ್ಕುಗಳು ದಾರಿ ಬಿಡುತ್ತವೆ. ಕಾಳು ಸಿಗುವವರೆಗೆ ಇಲಿಯ ಸಂತತಿ ನಿಲ್ಲುವುದಿಲ್ಲ, ಮೂರು ವಾರಕ್ಕೆ ಒಂದು ಬಸಿರು. ಹೊಟ್ಟೆ ತುಂಬಿದ ಬೆಕ್ಕು ಬೇಟೆಯಾಡದೆಂದು ಅದನ್ನು ಅರೆಹೊಟ್ಟೆಯಲ್ಲಿಡುವ ರೂಢಿಯಂತೂ ಇಲಿಗೂ ಬೆಕ್ಕಿಗೂ ಒಟ್ಟಿಗೆ ಮಾಡುವ ಹಿಂಸೆ. ಬೆಕ್ಕು ವರ್ಷಕ್ಕೆ ಎರಡು ಮೂರು ಸೂಲು ಹಾಕುತ್ತದೆ. ಮರಿಗಳನ್ನು ಚೀಲದಲ್ಲಿ ತುಂಬಿ ಸಂತೆ ಮಾಳದಲ್ಲಿ ಬಿಟ್ಟುಬರುವವರು ಅದನ್ನು ಜೀವದಾನವೆಂದು ಕರೆಯುತ್ತಾರೆ! ಹಾಲು ಅನ್ನದಿಂದಲೇ ಬೆಕ್ಕನ್ನು ಶ್ರಾವಕನನ್ನಾಗಿ ಮಾಡುತ್ತೇವೆಂಬುದೂ ಭ್ರಮೆ. ಅದರ ದೇಹಪ್ರಕೃತಿಗೆ ಮಾಂಸ ಬೇಕು; ಇಲ್ಲದಿದ್ದರೆ ಕಣ್ಣು, ಹೃದಯ ಕುಂದುತ್ತವೆ. ಹಾಗಾದರೆ ದಾರಿಯೆಂದರೆ ಬೆಕ್ಕನ್ನು ತರದಿರುವುದು, ಇಲಿಯನ್ನು ಒಳಗೆ ಬಿಡದಿರುವುದು. ಹಿಂದಿನವರು ಹಗೇವು ತೋಡಿ ಹುಲ್ಲು ಮಣ್ಣಿನಿಂದ ಬಾಯಿ ಮುಚ್ಚಿದ್ದು ಇದಕ್ಕಾಗಿಯೇ. ಈಗ ತಗಡಿನ ಕಣಜಗಳಿವೆ. ಮರದ ಕಣಜವನ್ನು ನೆಲದಿಂದ ಎರಡೂವರೆ ಅಡಿ ಎತ್ತರಿಸಿ ಕಾಲುಗಳಿಗೆ ತಗಡಿನ ಬೋರಲು ಛತ್ರಿ ತೊಡಿಸಿದರೆ ಇಲಿ ಹತ್ತಲಾರದು. ಅರ್ಧ ಇಂಚಿನ ಸಂದಿ ಸಾಕು ಇಲಿಗೆ; ಸಣ್ಣ ಸುಂಡಿಲಿಗೆ ಕಾಲಿಂಚು. ಗೋದಾಮಿನ ಬಾಗಿಲಿನ ಕೆಳಗೆ ತಗಡು ಹೊಡೆಸಿ, ಚೀಲಗಳನ್ನು ಹಲಗೆಯ ಮೇಲೆ ಗೋಡೆಯಿಂದ ದೂರವಿರಿಸಿದವನಿಗೆ ಬೆಕ್ಕೂ ಬೇಡ, ಪಾಷಾಣವೂ ಬೇಡ.

ತಾನಾಗಿ ಬಂದು ಮನೆ ಸೇರಿದ ಬೆಕ್ಕನ್ನು ಹೊಡೆದೋಡಿಸಬೇಕೆಂದು ಇದರ ಅರ್ಥವಲ್ಲ. ದೆಹಲಿಯ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆ ಗಿಡುಗ, ಹದ್ದುಗಳಿಗೂ ಔಷಧ ಕೊಡುತ್ತದೆ, ಆದರೆ ಒಳರೋಗಿಯಾಗಿ ಇರಿಸಿಕೊಳ್ಳುವುದಿಲ್ಲ. ಆ ವಿವೇಕ ಬೆಕ್ಕಿಗೂ ಹೊಂದುತ್ತದೆ. ಅಂತಹ ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಛೇದವೆಂದು ಕೆಲವರು ಶಂಕಿಸುತ್ತಾರೆ. ಕ್ರೋಧ ಲೋಭಗಳಿಂದ ಅಂಗ ಕತ್ತರಿಸುವುದಕ್ಕೂ, ಅರಿವಳಿಕೆ ಕೊಟ್ಟು ವೈದ್ಯ ಮಾಡುವ ಚಿಕಿತ್ಸೆಗೂ ಭಾವದಲ್ಲಿ ಭೇದವಿದೆ. ಚೀಲದಲ್ಲಿ ಉಸಿರುಗಟ್ಟುವ ಮರಿಗಳನ್ನು ನೆನೆದರೆ ಶಂಕೆ ತಾನಾಗಿ ಸಡಿಲಾಗುತ್ತದೆ.

ಇನ್ನು ಹತ್ತು ಕೋಳಿಯ ಬಡವಳನ್ನು ಬಿಟ್ಟು ಹಜಾರದಲ್ಲಿ ಕುಳಿತವರ ಕಡೆಗೆ ತಿರುಗಬೇಕು. ಹಾವೇರಿ ಜಿಲ್ಲೆ ರಾಜ್ಯದಲ್ಲಿ ಮೆಕ್ಕೆಜೋಳದ ದೊಡ್ಡ ಕಣ. ಪಿಷ್ಟಕ್ಕೆ, ಈಚೆಗೆ ಎಥೆನಾಲಿಗೆ ಹೋಗುವುದನ್ನು ಬಿಟ್ಟರೆ ದೇಶದ ಮೆಕ್ಕೆಜೋಳದ ಬಹುದೊಡ್ಡ ಪಾಲು ಸೇರುವುದು ಕೋಳಿಯ ಹೊಟ್ಟೆಯನ್ನು. ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಮಾಲು ಸುರಿದ ರೈತ ತನ್ನ ಕಾಳಿನ ಬೆನ್ನು ಹತ್ತಲಾರ. ಆತನನ್ನು ಯಾರೂ ದೂಷಿಸುವಂತಿಲ್ಲ. ಆದರೆ ಕೋಳಿ ಆಹಾರದ ಕಾರ್ಖಾನೆಯೊಡನೆ ವರ್ಷದ ಕರಾರಿಗೆ ಸಹಿ ಹಾಕಿ ಅಡತಿ ಎಣಿಸುವವನಿಗೆ ಕಾಳಿನ ದಾರಿ ಚೆನ್ನಾಗಿ ಗೊತ್ತು. ಶಾಲೆಯ ಮಕ್ಕಳ ಊಟದಲ್ಲಿ ಮೊಟ್ಟೆ 2021ರಲ್ಲಿ ಕೆಲವು ಜಿಲ್ಲೆಗಳಿಗೆ, 2022ರಲ್ಲಿ ರಾಜ್ಯಕ್ಕೆಲ್ಲ ಬಂದಾಗ ಎಷ್ಟು ಗದ್ದಲವಾಯಿತು! ಪರರ ಮಕ್ಕಳ ತಟ್ಟೆಯ ಮೇಲಿನ ಮೊಟ್ಟೆ ಕಂಡಷ್ಟು ನಿಚ್ಚಳವಾಗಿ ತಮ್ಮ ಗೋದಾಮಿನ ಚೀಲ ಏಕೆ ಕಾಣುವುದಿಲ್ಲ?

ಧರ್ಮಾದಾಯ ಜಮೀನುಗಳಿರುವ ಬಸದಿಗಳ ವಿಶ್ವಸ್ಥರ ಹೊಣೆ ಇನ್ನೂ ದೊಡ್ಡದು. ಕಂಪನಿ ಮರಿ, ಮೇವು, ಔಷಧ ಕೊಡುತ್ತದೆ. ಶೆಡ್ಡು, ದುಡಿಮೆ, ವಿದ್ಯುತ್ತು ಸಾಕುವವನದು. ಸುಮಾರು ಆರು ವಾರಕ್ಕೆ ಲಾರಿ ಬಂದು ಕೋಳಿಗಳನ್ನು ಒಯ್ಯುತ್ತದೆ. “ಕೋಳಿ ನಮ್ಮದಲ್ಲ, ಜಾಗ ಮಾತ್ರ ನಮ್ಮದು” ಎಂಬ ನೆಪ ಇಂತಹ ಕರಾರಿನಲ್ಲಿ ಸಿದ್ಧವಾಗಿಯೇ ಇರುತ್ತದೆ. ಅಭಿಷೇಕದ ಹಾಲಿಗೆ ಆ ಬಾಡಿಗೆಯ ಹಣ ಬೆರೆಯುವುದಾದರೆ ಅಭಿಷೇಕ ನಿಲ್ಲುವುದೇ ಲೇಸು. ಲಾವಣಿ ಪತ್ರದಲ್ಲಿ ಕೋಳಿ, ಹಂದಿ, ಮೀನು ಸಾಕಣೆಗೆ ಜಮೀನನ್ನು ಬಳಸತಕ್ಕದ್ದಲ್ಲವೆಂಬ ಒಂದು ಷರತ್ತನ್ನು ಸೇರಿಸಲು ವಕೀಲರ ಶುಲ್ಕವೂ ಬೇಕಾಗಿಲ್ಲ.

ಈಗಾಗಲೇ ಜೈನರ ಹಿತ್ತಿಲುಗಳಲ್ಲಿ ಇರುವ ಕೋಳಿಗಳ ಮಾತೊಂದು ಉಳಿಯಿತು. ಅವನ್ನು ಸಂತೆಗೆ ಒಯ್ದು ಮಾರಿ ಶುದ್ಧರಾದೆವೆನ್ನುವುದು ಅತ್ಯಂತ ಕೆಟ್ಟ ಪರಿಹಾರ. ಕಾವಿಗೆ ಕೂರಿಸುವುದನ್ನು ಬಿಡಬೇಕು. ಇದ್ದವುಗಳನ್ನು ಸಾಯುವವರೆಗೆ ಸಲಹಬೇಕು. ಹಕ್ಕಿಜ್ವರ ಬಂದರೆ ಒಂದು ಕಿಲೋಮೀಟರ್ ಸುತ್ತಳತೆಯ ಹಿತ್ತಿಲ ಕೋಳಿಗಳನ್ನೂ ಸರಕಾರ ಕೊಲ್ಲುತ್ತದೆ, 2025ರ ಆರಂಭದಲ್ಲಿ ಬಳ್ಳಾರಿ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ರೋಗ ಕಾಣಿಸಿಕೊಂಡಿತ್ತು. ಆದಕಾರಣ ಹೊಸ ಹಿಂಡನ್ನು ಕಟ್ಟದಿರುವುದೇ ರಕ್ಷಣೆ. ಒಂದು ಕೋಳಿಗೆ ದಿನಕ್ಕೆ ಸುಮಾರು 110 ಗ್ರಾಂ ಕಾಳು. ಹತ್ತಕ್ಕೆ ವರ್ಷಕ್ಕೆ ನಾಲ್ಕು ಕ್ವಿಂಟಲ್. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿಯಂತೆ 9,600 ರೂಪಾಯಿ. ಕೋಳಿ ಐದರಿಂದ ಎಂಟು ವರ್ಷ ಬದುಕುತ್ತದೆ. ಬಡ ಶ್ರಾವಿಕೆಯೊಬ್ಬಳು ಇಷ್ಟು ಭಾರ ಹೊರಲಾರಳು. ಮೆಕ್ಕೆಜೋಳದ ಅಡತಿಯಲ್ಲಿ ಬೆಳೆದ ಮನೆತನಗಳೂ, ವಾರ್ಷಿಕ ಸಭೆಯಲ್ಲಿ ಜೀವದಯಾ ನಿಧಿಯ ಬಾಕಿಯನ್ನು ಓದಿ ಮುಗಿಸುವ ವಿಶ್ವಸ್ಥ ಮಂಡಳಿಗಳೂ ಹೊರಬಲ್ಲವು. ಕಾಳು ಅವರ ಗೋದಾಮಿನಲ್ಲಿಯೇ ಇದೆ.