ಮಯ್ಯಿತ್ ಊರಿಗೆ, ದಾಖಲೆ ವಿಜಯಪುರದಲ್ಲಿ

ಹೊಟೇಲು, ಬೇಕರಿ, ಹಣ್ಣಿನ ವ್ಯಾಪಾರ ಅಂತ ಘಟ್ಟ ಹತ್ತಿದ ನಮ್ಮವರು ರಾಜ್ಯದ ಮೂಲೆ ಮೂಲೆಯಲ್ಲಿ ಇದ್ದಾರೆ. ಅವರಲ್ಲೊಬ್ಬರು ವಿಜಯಪುರದಲ್ಲೋ, ತಿಕೋಟಾದಲ್ಲೋ, ಬಬಲೇಶ್ವರದಲ್ಲೋ ತೀರಿಕೊಂಡರೆ ಮೊದಲು ಆಗುವ ಕೆಲಸ ಆಂಬ್ಯುಲೆನ್ಸ್ ಗೊತ್ತು ಮಾಡುವುದು. ಒಂದು ರಾತ್ರಿಯ ದಾರಿ. ಬೆಳಗಾಗುವಾಗ ಮಯ್ಯಿತ್ ಊರಿನ ಮಸೀದಿಯ ಅಂಗಳದಲ್ಲಿರುತ್ತದೆ, ಲುಹರ್ ಹೊತ್ತಿಗೆ ದಫನವೂ ಆಗಿರುತ್ತದೆ. ಮಯ್ಯಿತ್‌ನ ವಿಷಯದಲ್ಲಿ ಈ ಅವಸರ ಒಳ್ಳೆಯದೇ, ದೀನ್ ನಮಗೆ ಕಲಿಸಿದ್ದೇ. ಆದರೆ ಆ ರಾತ್ರಿ ಮಾಡಿಕೊಳ್ಳಬೇಕಾದ ಒಂದು ಕಾಗದದ ಕೆಲಸ ವಿಜಯಪುರದಲ್ಲೇ ಉಳಿದುಬಿಡ್ತದೆ. ಅದರ ನೆನಪಾಗುವುದು ತಿಂಗಳುಗಟ್ಟಲೆ ಕಳೆದ ಮೇಲೆ, ಬ್ಯಾಂಕಿನವರು ಕೇಳಿದಾಗ.

ಸಾವಿನ ನೋಂದಣಿ ಆಗುವುದು ಸಾವು ಸಂಭವಿಸಿದ ಜಾಗದಲ್ಲಿ. ಹುಟ್ಟಿದೂರಲ್ಲಿ ಅಲ್ಲ, ರೇಷನ್ ಕಾರ್ಡ್ ಇರುವಲ್ಲಿ ಅಲ್ಲ, ದಫನ ಮಾಡಿದಲ್ಲಿಯೂ ಅಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆ ಇರುವುದು ಹಾಗೆ. ಬಬಲೇಶ್ವರದ ಬಾಡಿಗೆ ಮನೆಯಲ್ಲಿ ರೂಹ್ ಹೋದರೆ ಬಬಲೇಶ್ವರದಲ್ಲಿ, ತಿಕೋಟಾದ ಅಂಗಡಿಯಲ್ಲಿ ಕುಸಿದು ಅಲ್ಲೇ ತೀರಿಕೊಂಡರೆ ತಿಕೋಟಾದಲ್ಲಿ. ತಿಕೋಟಾದವರು ವಿಜಯಪುರ ನಗರದ ಆಸ್ಪತ್ರೆಯಲ್ಲಿ ತೀರಿಕೊಂಡರೆ ನೋಂದಣಿ ವಿಜಯಪುರ ನಗರದ್ದು. ದಾರಿಯಲ್ಲಿ, ಓಡುವ ಗಾಡಿಯಲ್ಲೇ ಜೀವ ಹೋದರೂ ಅದಕ್ಕೊಂದು ನಿಯಮ ಉಂಟು: ಗಾಡಿ ಮೊದಲು ನಿಲ್ಲುವ ಊರಿನಲ್ಲಿ ಗಾಡಿಯ ಹೊಣೆ ಹೊತ್ತವರು ತಿಳಿಸಬೇಕು.

ಬಬಲೇಶ್ವರದಲ್ಲಿ ಬೇಕರಿ ಇಟ್ಟ ಒಬ್ಬರು ಎಂದು ಇಟ್ಟುಕೊಳ್ಳಿ. ಹೆಂಡತಿ ಮಕ್ಕಳು ಕರಾವಳಿಯಲ್ಲಿ. ಅವರು ತೀರಿಕೊಂಡರು, ಮಯ್ಯಿತ್ ಬಂತು, ತಹ್ಲೀಲೂ ಆಯಿತು. ಆಮೇಲೆ ಮಗ ಜಮಾಅತಿನ ಲೆಟರ್‌ಹೆಡ್ಡಿನಲ್ಲಿ ಬರೆಸಿದ ಪತ್ರ ಮತ್ತು ಪೇಪರಿನಲ್ಲಿ ಬಂದ ನಿಧನ ಸುದ್ದಿಯ ಕಟಿಂಗ್ ಹಿಡಿದುಕೊಂಡು ಊರಿನ ಪಂಚಾಯಿತಿಗೆ ಹೋಗ್ತಾನೆ. "ಇಲ್ಲಿ ತೀರಿಹೋದದ್ದಲ್ಲವಲ್ಲ ಮಾರಾಯ್ರೆ" ಎಂಬ ಉತ್ತರ ಬರ್ತದೆ. ಬೈದು ಪ್ರಯೋಜನ ಇಲ್ಲ, ಆ ಉತ್ತರ ಸರಿಯಾಗಿಯೇ ಉಂಟು. ನಿಧನ ಸುದ್ದಿ ಊರಿಗೆ ತಿಳಿಸಲಿಕ್ಕೆ, ಸರಕಾರಕ್ಕೆ ಅದು ಸಾವಿನ ದಾಖಲೆ ಅಲ್ಲ. ಜಮಾಅತಿನ ಪತ್ರವೂ ಅಷ್ಟೇ.

ತಡವಾದಷ್ಟೂ ಮೆಟ್ಟಿಲು ಹೆಚ್ಚು. ತಿಳಿಸಲಿಕ್ಕೆ ಇರುವ ಸಮಯ 21 ದಿನ. ಅದರೊಳಗೆ ತಿಳಿಸಿದರೆ ಶುಲ್ಕವಿಲ್ಲ, ತಿಳಿಸಿದವರಿಗೆ ಪ್ರಮಾಣಪತ್ರದ ಮೊದಲ ಪ್ರತಿಯೂ ಪುಕ್ಕಟೆ. 21 ದಾಟಿ 30 ದಿನದೊಳಗಾದರೆ ತಡದ ಶುಲ್ಕ ಕಟ್ಟಿದರೆ ಮುಗಿಯಿತು. 30 ದಿನ ದಾಟಿದರೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಮೊದಲು ಇದಕ್ಕೆ ಕೋರ್ಟು ಹತ್ತಬೇಕಿತ್ತು. 2023ರ ತಿದ್ದುಪಡಿ ಈ ಅಧಿಕಾರವನ್ನು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ನೇಮಿಸಿದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ಕಚೇರಿ ಯಾವುದಾದರೂ ಅದು ವಿಜಯಪುರ ಜಿಲ್ಲೆಯದ್ದು. ಕರಾವಳಿಯಿಂದ ಪ್ರತೀ ಸಲ ಬಸ್ಸು ಹತ್ತಬೇಕು, "ಸಾಹೇಬ್ರು ಇಲ್ರಿ, ಸೋಮವಾರ ಬರ್ರಿ" ಎಂದರೆ ಸೋಮವಾರದವರೆಗೆ ಅಲ್ಲೇ ಕೂರಬೇಕು.

ಇಲ್ಲಿ ಇದ್ದತ್‌ನ ಮಾತು ಬರ್ತದೆ. ಗಂಡನನ್ನು ಕಳಕೊಂಡ ಹೆಣ್ಣಿಗೆ ಇದ್ದತ್ ನಾಲ್ಕು ತಿಂಗಳು ಹತ್ತು ದಿನ. ಕಾಯ್ದೆಯ 21 ದಿನವೂ 30 ದಿನವೂ ಅದರೊಳಗೇ ಮುಗಿದುಹೋಗ್ತವೆ. "ಅವಳು ಇದ್ದತ್ ಮುಗಿಸಲಿ, ಆಮೇಲೆ ನೋಡುವ" ಎನ್ನುವ ಹಿರಿಯರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಅವರಿಗೆ ಹೇಳಬೇಕಾದದ್ದು, ಆ ಹೆಣ್ಣುಮಗಳೇ ಬರಬೇಕೆಂದು ಕಾಯ್ದೆ ಎಲ್ಲಿಯೂ ಕೇಳಿಲ್ಲ. ಮನೆಯಲ್ಲಿ ಆದ ಸಾವನ್ನು ಮನೆಯ ಯಜಮಾನ ತಿಳಿಸಬಹುದು, ಹತ್ತಿರದ ಸಂಬಂಧಿ ತಿಳಿಸಬಹುದು, ಅವರಿಲ್ಲದಿದ್ದರೆ ಆಗ ಅಲ್ಲಿದ್ದ ಹಿರಿಯರು ತಿಳಿಸಬಹುದು. ಆಸ್ಪತ್ರೆಯಲ್ಲಾದರೆ ತಿಳಿಸುವ ಹೊಣೆ ಆಸ್ಪತ್ರೆಯ ಮುಖ್ಯಸ್ಥರದ್ದೇ. ಇದ್ದತ್ ಅವಳಿಗೆ. ಅವಳ ಅಣ್ಣನಿಗೂ ಮೈದುನನಿಗೂ ಅಲ್ಲ.

ಕಾಗದ ಇಲ್ಲದಿದ್ದರೆ ಎಂತ ಆಗ್ತದೆ? ಖಾತೆಯಲ್ಲಿದ್ದ ಹಣ ಹಾಗೆಯೇ ಕೂರುತ್ತದೆ. ತಿಂಗಳಿಗೆ 800 ರೂಪಾಯಿಯ ವಿಧವಾ ವೇತನಕ್ಕೆ ಅರ್ಜಿಯೇ ನಿಲ್ಲುವುದಿಲ್ಲ. ಬಡತನ ರೇಖೆಗಿಂತ ಕೆಳಗಿನ ಮನೆಯಲ್ಲಿ 18ರಿಂದ 59 ವಯಸ್ಸಿನೊಳಗಿನ ದುಡಿಯುವವರು ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಸಿಗಬೇಕಾದ 20,000 ಕೂಡ ಇದೇ ಕಾಗದಕ್ಕೆ ಕಾಯ್ತದೆ. ಜಾಗ ಇದ್ದರೆ ಫೌತಿ ಖಾತೆ ಆಗುವುದಿಲ್ಲ. (ಕಂದಾಯ ಇಲಾಖೆಯ ಈ 'ಫೌತಿ' ನಮ್ಮ ಅರಬಿಯ 'ಫೌತ್' ಎಂಬುದು ಎಷ್ಟು ಜನರಿಗೆ ಗೊತ್ತೋ!)

ಇದಕ್ಕಿಂತ ದೊಡ್ಡದು ಮೀರಾಸಿನ ಪ್ರಶ್ನೆ. ಫರಾಯಿಳ್‌ನ ಲೆಕ್ಕ ಶುರುವಾಗುವುದೇ ಯಾರು ಯಾವಾಗ ತೀರಿಕೊಂಡರು ಎಂಬಲ್ಲಿಂದ. ತಂದೆಯೂ ಮಗನೂ ಹೆಚ್ಚು ಅಂತರವಿಲ್ಲದೆ ತೀರಿಕೊಂಡರು ಎಂದುಕೊಳ್ಳಿ. ತಂದೆ ಮೊದಲು ಹೋಗಿದ್ದರೆ ಅವರ ಸೊತ್ತಿನಲ್ಲಿ ಮಗನಿಗೆ ಪಾಲುಂಟು, ಆ ಪಾಲು ಮಗನ ಯತೀಮ್ ಮಕ್ಕಳಿಗೆ ಇಳಿಯುತ್ತದೆ. ಮಗ ಮೊದಲು ಹೋಗಿದ್ದರೆ, ಅಜ್ಜನಿಗೆ ಬೇರೆ ಗಂಡುಮಕ್ಕಳು ಬದುಕಿದ್ದರೆ, ಈ ಮಕ್ಕಳಿಗೆ ಅಜ್ಜನ ಸೊತ್ತಿನಲ್ಲಿ ಮೀರಾಸಿನ ಪಾಲಿಲ್ಲ. ಕೆಲವು ದಿನಗಳ ಹಿಂದು ಮುಂದು ಒಂದು ಮನೆಯ ಮಕ್ಕಳ ಬದುಕನ್ನೇ ಬದಲಾಯಿಸುತ್ತದೆ. ಹತ್ತು ವರ್ಷ ಕಳೆದ ಮೇಲೆ ಅಣ್ಣತಮ್ಮಂದಿರು "ರಮಳಾನಿಗೆ ಮೊದಲೇ ತೀರಿಕೊಂಡದ್ದು", "ಅಲ್ಲ, ನಂತರ" ಎಂದು ಜಗಳಕ್ಕೆ ನಿಂತರೆ ಯಾವ ಉಸ್ತಾದರೂ ಏನು ತೀರ್ಪು ಕೊಟ್ಟಾರು?

ವಿಜಯಪುರದವರಿಗೆ ತಾರೀಕಿನ ಬೆಲೆ ಹೊಸದಾಗಿ ಹೇಳಬೇಕಾಗಿಲ್ಲ. ಗೋಳಗುಮ್ಮಟದ ದಕ್ಷಿಣ ಬಾಗಿಲ ಮೇಲೆ ಮೂರು ಸಾಲು ಕೆತ್ತಿದ್ದಾರೆ. ಅಬ್ಜದ್ ಲೆಕ್ಕದಲ್ಲಿ ಅಕ್ಷರಗಳನ್ನು ಕೂಡಿದರೆ ಮೂರರಲ್ಲೂ ಬರುವುದು ಹಿಜರಿ 1067, ಅಂದರೆ ಮುಹಮ್ಮದ್ ಆದಿಲ್ ಶಾಹ್ ತೀರಿಕೊಂಡ 1656. ಸುಲ್ತಾನನ ಸಾವಿನ ವರ್ಷವನ್ನು ಮೂರು ಸಲ ಬರೆದಿಟ್ಟ ಊರಿನಲ್ಲಿ ನಮ್ಮ ಬೇಕರಿಯವರ ಸಾವು ಒಂದು ಸಲವೂ ದಾಖಲಾಗದೆ ಹೋಗಬಾರದು.

ಹೆಸರಿನ ತೊಂದರೆ ಬೇರೆಯೇ ಉಂಟು, ಹೆಚ್ಚು ಜನ ಸೋಲುವುದೂ ಇಲ್ಲೇ. ಮನೆಯಲ್ಲಿ ಅದ್ರಾಮ, ಆಧಾರಿನಲ್ಲಿ ಅಬ್ದುಲ್ ರಹ್ಮಾನ್, ಹಿಂದೆ ಒಂದು ಇನಿಷಿಯಲ್. ಆ ಕಡೆಯ ಬರವಣಿಗೆಯಲ್ಲಿ ಅದೇ ಹೆಸರು 'ಅಬ್ದುಲರಹಿಮಾನ' ಆಗ್ತದೆ, ಗೌರವಕ್ಕೆ ಒಂದು 'ಸಾಬ'ವೂ ಸೇರಬಹುದು. ಅಲ್ಲಿ ಅಡ್ಡಹೆಸರು ಕೇಳ್ತಾರೆ. ನಮ್ಮಲ್ಲಿ ಹಲವರಿಗೆ ಅಡ್ಡಹೆಸರೇ ಇಲ್ಲ, ಗಾಬರಿಯಲ್ಲಿ ಜೊತೆಗಿದ್ದ ಹುಡುಗ 'ಬ್ಯಾರಿ' ಅಂತ ಬರೆಸಿಬಿಡ್ತಾನೆ. ಆಸ್ಪತ್ರೆಗೆ ಸೇರಿಸುವಾಗ ಚೀಟಿಯಲ್ಲಿ ಬಿದ್ದ ಹೆಸರೇ ಮರಣ ವರದಿಗೂ ಹೋಗುವುದು. ಆದ್ದರಿಂದ ಮಯ್ಯಿತ್ ಹೊರಡುವ ಮೊದಲು ಒಬ್ಬರು ಅಲ್ಲೇ ಹಿಂದೆ ಉಳಿಯಲಿ. ಆಧಾರ್ ತೋರಿಸಿ ಹೆಸರು, ತಂದೆಯ ಹೆಸರು, ಖಾಯಂ ವಿಳಾಸ ಸರಿ ಬರೆಸಲಿ. ನೋಂದಣಿ ಆಸ್ಪತ್ರೆಯಲ್ಲೇ ಆಗ್ತದಾ, ಪಾಲಿಕೆಗೆ ಕಳಿಸ್ತೀರಾ ಎಂದು ಬಾಯಿಬಿಟ್ಟು ಕೇಳಲಿ. ಸಾವಿನ ಕಾರಣದ ವೈದ್ಯರ ಪ್ರಮಾಣಪತ್ರದ ಪ್ರತಿ ಕೇಳಿ ಪಡೆಯಲಿ, ಅದು ಹತ್ತಿರದ ಸಂಬಂಧಿಗೆ ಸಿಗಬೇಕಾದದ್ದು. ಕಾಯಿಲೆಯ ಹೆಸರು ಊರಿಗೆಲ್ಲ ಗೊತ್ತಾಗ್ತದೆ ಎಂದು ಹೆದರಿ ಸುಮ್ಮನಿರುವವರೂ ಇದ್ದಾರೆ. ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಬರೆಯುವ ಹಾಗೇ ಇಲ್ಲ, ಆ ಹೆದರಿಕೆ ಬೇಡ.

ತಪ್ಪು ಬಿದ್ದಾಗಿದೆ ಅಂತಾದರೆ ತಿದ್ದುಪಡಿಗೂ ದಾರಿ ಉಂಟು. ಮೂಲ ಬರಹ ಅಳಿಸದೆ ರಿಜಿಸ್ಟ್ರಾರರು ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿ ಹಾಕ್ತಾರೆ. ಅರ್ಜಿಯ ಜೊತೆ ಆಧಾರ ಕೊಡಬೇಕು. ಇದಕ್ಕೂ ವಿಜಯಪುರಕ್ಕೇ ಹೋಗಬೇಕಾದ್ದರಿಂದ ಮೊದಲೇ ಸರಿ ಬರೆಸುವುದು ಲೇಸು.

ಈಗ ಜಮಾಅತ್ ಕಮಿಟಿಗಳಿಗೆ ಒಂದು ಮಾತು. ಮೇಲಿನ ಕಾಯ್ದೆಯ 10ನೇ ಸೆಕ್ಷನ್ ದಫನ ಭೂಮಿಯ ಉಸ್ತುವಾರಿ ಇರುವವರನ್ನೂ ಸಾವಿನ ಮಾಹಿತಿ ರಿಜಿಸ್ಟ್ರಾರರಿಗೆ ಮುಟ್ಟಿಸಬೇಕಾದವರ ಸಾಲಿನಲ್ಲಿ ಸೇರಿಸಿದೆ. ಇದು ಮನೆಯವರ ಪಾಡು ಎಂದು ಕಮಿಟಿ ಕೈತೊಳೆದುಕೊಳ್ಳುವ ಹಾಗಿಲ್ಲ. ವಿಜಯಪುರ, ತಿಕೋಟಾ, ಬಬಲೇಶ್ವರದ ಖಬರಸ್ಥಾನಗಳಲ್ಲೇ ದಫನವಾಗುವ ನಮ್ಮವರೂ ಇರ್ತಾರೆ. ಅಲ್ಲಿ ಖಬರ್ ತೋಡುವವರಿಗೆ ಕೊಡುವ ದುಡ್ಡು ಪುಸ್ತಕದಲ್ಲಿ ಇರ್ತದೆ, ಸತ್ತವರ ಪೂರ್ತಿ ಹೆಸರು ಇರುವುದಿಲ್ಲ. ಯಾರನ್ನೂ ತಡೆಯಬೇಡಿ, ಕಾಗದ ಬರದೆ ಖಬರ್ ಇಲ್ಲ ಎನ್ನಬೇಡಿ, ಅದು ದೊಡ್ಡ ಅನ್ಯಾಯ. ದಫನ ಆಗಲಿ. ಆದರೆ ಅದೇ ದಿನ ರಿಜಿಸ್ಟರಿನಲ್ಲಿ ಆಧಾರಿನಂತೆ ಹೆಸರು, ತೀರಿಕೊಂಡ ಜಾಗ, ಹಿಜರಿ ಮತ್ತು ಇಂಗ್ಲಿಷ್ ತಾರೀಕು, ಹೊತ್ತು, ಮಯ್ಯಿತ್ ತಂದವರ ಸಹಿ ಇರಲಿ. ಮೂರನೇ ವಾರ ಕಳೆಯುವ ಮೊದಲು ಕಾರ್ಯದರ್ಶಿ ಆ ಮನೆಗೆ ಒಂದು ಫೋನ್ ಮಾಡಿ "ನೋಂದಣಿ ಆಯ್ತಾ?" ಎಂದು ಕೇಳಲಿ.

ಹಳೆಯ ಸಾವುಗಳಿಗೆ ಈ ರಿಜಿಸ್ಟರ್ ಇನ್ನೂ ಬೇಕಾಗ್ತದೆ. ನೋಂದಣಿಯೇ ಆಗಿಲ್ಲದ ಸಾವಿಗೆ ಮೊದಲು ಸಂಬಂಧಪಟ್ಟ ಕಚೇರಿಯಿಂದ ಅಲಭ್ಯ ಪ್ರಮಾಣಪತ್ರ ಪಡೆಯಬೇಕು, ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ತಾರೀಕನ್ನು ನಂಬಿಸಬೇಕು. ಜಮಾಅತಿನ ಪತ್ರ ತಾನೇ ಪ್ರಮಾಣಪತ್ರ ಆಗುವುದಿಲ್ಲ ಎಂದೆ, ಆದರೆ ಅಂದೇ ಬರೆದ ರಿಜಿಸ್ಟರಿನ ನಕಲು ಅಲ್ಲಿ ಒಳ್ಳೆಯ ಆಧಾರ. ಕಳೆದ ಹನ್ನೊಂದು ತಿಂಗಳಲ್ಲಿ ಆ ಜಿಲ್ಲೆಯಿಂದ ಮಯ್ಯಿತ್ ಬಂದ ಮನೆ ನಿಮ್ಮ ಮೊಹಲ್ಲಾದಲ್ಲಿದ್ದರೆ ಮೊದಲು ಅಲ್ಲಿಗೆ ಹೋಗಿ ಕೇಳಿ. ಅವರಿಗೆ ಮ್ಯಾಜಿಸ್ಟ್ರೇಟರ ಬಾಗಿಲು ತಟ್ಟದೆ ಮುಗಿಸಲಿಕ್ಕೆ ಇನ್ನೂ ಸ್ವಲ್ಪ ದಿನ ಉಂಟು.